ತೊಡೆಗೆ ಹಾಕುವ ಸೂಜಿ ಮತ್ತು ರಿಪೋರ್ಟಿನ ಒಂದು ಅಂಕಿ

ಪ್ರಶ್ನೆ: ನಮ್ಮದು ಔರಾದ್ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ವೈನಿಗೆ ಎದೆಯಲ್ಲಿ ಗಂಟಾಗಿತ್ತು. ಬೀದರಿನಲ್ಲಿ ತುಣುಕು ತೆಗೆಸಿ ಪರೀಕ್ಷೆಗೆ ಕಳಿಸಿದೆವು. ರಿಪೋರ್ಟಿನಲ್ಲಿ 'ಹರ್-2 ಪಾಸಿಟಿವ್' ಎಂದು ಬಂದಿದೆ. ಕಿಮೋ ಜೊತೆಗೆ ಮೂರು ವಾರಕ್ಕೊಮ್ಮೆ, ಒಂದು ವರ್ಷದವರೆಗೆ, ಇನ್ನೊಂದು ಇಂಜೆಕ್ಷನ್ ಸಲೈನಿನಲ್ಲಿ ಕೊಡುತ್ತೇವೆ ಎಂದಿದ್ದಾರೆ ಹೈದರಾಬಾದಿನ ಡಾಕ್ಟರು. ಭಾಲ್ಕಿಯ ನಮ್ಮ ಬೀಗರು 'ಈಗ ಅದು ತೊಡಿಗಿ ಹಾಕೋ ಸೂಜಿಯಾಗಿ ಬಂದದ, ಐದು ನಿಮಿಷದಾಗ ಮುಗೀತದ, ಅದನ್ನೇ ಕೇಳ್ರಿ' ಎನ್ನುತ್ತಾರೆ. ಇದು ಕಿಮೋನಾ, ಬೇರೆಯದಾ? ತೊಡೆಯ ಸೂಜಿಗೆ ಶಕ್ತಿ ಹೆಚ್ಚಾ? ಅಷ್ಟು ಚಿಕ್ಕ ಸೂಜಿಯಾದರೆ ನಮ್ಮ ಔರಾದಿನ ದವಾಖಾನೆಯಲ್ಲೇ ಹಾಕಿಸಬಹುದಲ್ಲ?
(ಹೆಸರು ಬೇಡ ಎಂದವರು, ಔರಾದ್)

ಉತ್ತರ: ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ, ಆಮೇಲೆ ಬಿಡಿಸೋಣ. ಇದು ಕಿಮೋ ಅಲ್ಲ. ತೊಡೆಗೆ ಹಾಕಿದರೂ ಸಲೈನಿನಲ್ಲಿ ಹಚ್ಚಿದರೂ ಮದ್ದು ಅದೇ, ಗುಣವೂ ಅಷ್ಟೇ. ಔರಾದಿನಲ್ಲಿ ಹಾಕಿಸುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಆದರೆ ನೀವು ಕೇಳದೆ ಬಿಟ್ಟ ಪ್ರಶ್ನೆಯೊಂದು ಈ ಮೂರಕ್ಕಿಂತ ದೊಡ್ಡದು: ರಿಪೋರ್ಟಿನಲ್ಲಿ 'ಪಾಸಿಟಿವ್' ಎನ್ನುವುದರ ಪಕ್ಕ ಯಾವ ಅಂಕಿ ಬರೆದಿದ್ದಾರೆ? ಬೀಗರು ಹೇಳಿದ ಸೂಜಿಯ ಮಾತು ಅದಾದ ಮೇಲಿನದು.

ಹರ್-2 ನಮ್ಮ ಜೀವಕೋಶಗಳ ಹೊರಮೈಮೇಲಿರುವ ಒಂದು ಪ್ರೋಟೀನು. ಬೆಳೆಯಬೇಕು, ಎರಡಾಗಬೇಕು ಎಂಬ ಸೂಚನೆಯನ್ನು ಕೋಶದೊಳಕ್ಕೆ ಮುಟ್ಟಿಸುವುದು ಅದರ ಕೆಲಸ. ಆರೋಗ್ಯವಂತರ ಮೈಯಲ್ಲೂ ಅದು ಇದೆ. ಅದನ್ನು ತಯಾರಿಸುವ ಜೀನು 17ನೇ ಕ್ರೋಮೋಸೋಮಿನಲ್ಲಿದ್ದು, ಕೆಲವು ಗಡ್ಡೆಗಳಲ್ಲಿ ಆ ಜೀನಿನ ಪ್ರತಿಗಳು ಲೆಕ್ಕ ತಪ್ಪಿ ಹೆಚ್ಚುತ್ತವೆ. ಸಾವಿರಗಳಲ್ಲಿ ಇರಬೇಕಾದ ಪ್ರೋಟೀನು ಲಕ್ಷಗಳಿಗೆ ಏರಿ, ಕೋಶ ಪುರುಸೊತ್ತಿಲ್ಲದೆ ಒಡೆದು ಹೆಚ್ಚುತ್ತಾ ಹೋಗುತ್ತದೆ. ಸ್ತನ ಕ್ಯಾನ್ಸರ್ ಆದ ನೂರು ಮಂದಿಯಲ್ಲಿ 15ರಿಂದ 20 ಮಂದಿಯ ಗಡ್ಡೆ ಈ ಬಗೆಯದು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಜೀನು ಎಂದ ಕೂಡಲೇ 'ಮನೆತನದ ರೋಗ' ಎಂದು ಹೆಣ್ಣುಮಕ್ಕಳ ಲಗ್ನದ ಮಾತುಕತೆವರೆಗೂ ಸುದ್ದಿ ಹೋಗುತ್ತದೆ. ಹರ್-2 ಹೆಚ್ಚಾಗುವುದು ಗಡ್ಡೆಯ ಕೋಶಗಳಲ್ಲಿ ಮಾತ್ರ. ಅದು ತಾಯಿಯಿಂದ ಮಗಳಿಗೆ ಇಳಿದು ಬರುವಂಥದ್ದಲ್ಲ. ಇಳಿದು ಬರುವ ಜೀನುಗಳು ಬೇರೆ ಇವೆ, ಅವುಗಳ ಪರೀಕ್ಷೆಯೂ ಬೇರೆ.

ಗಡ್ಡೆಯಲ್ಲಿ ಹರ್-2 ಜೀನಿನ ಪ್ರತಿಗಳು ಹೆಚ್ಚಿದ್ದವರಲ್ಲಿ ಕ್ಯಾನ್ಸರ್ ಬೇಗ ಮರುಕಳಿಸುತ್ತದೆ ಎಂದು ಲಾಸ್ ಏಂಜಲೀಸ್‌ನ ಡಾ. ಡೆನಿಸ್ ಸ್ಲಾಮನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಹರ್-2ಕ್ಕೇ ಹೋಗಿ ಅಂಟಿಕೊಂಡು ಅದರ ಬಾಯಿ ಕಟ್ಟುವ ಪ್ರತಿಕಾಯವನ್ನು ಜೆನೆನ್‌ಟೆಕ್ ಕಂಪನಿ ತಯಾರಿಸಿತು. ಅಂಟಿದ ಕೋಶವನ್ನು ಇದು ದೇಹದ ರಕ್ಷಣಾ ಕೋಶಗಳಿಗೂ ತೋರಿಸಿಕೊಡುತ್ತದೆ. ಹೆಸರು ಟ್ರಾಸ್ಟುಝುಮ್ಯಾಬ್. 1998ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ಅದು ರೋಗ ಬೇರೆ ಅಂಗಗಳಿಗೆ ಹರಡಿದವರಿಗಷ್ಟೇ ಇತ್ತು. 2005ರಲ್ಲಿ ದೊಡ್ಡ ಅಧ್ಯಯನಗಳ ಫಲಿತಾಂಶ ಹೊರಬಂದು, ಆಪರೇಷನ್ ಆದವರಿಗೆ ಕಿಮೋ ಜೊತೆ ಇದನ್ನು ಕೊಟ್ಟರೆ ರೋಗ ಮರುಕಳಿಸುವುದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂದು ಗೊತ್ತಾಯಿತು. ಬೇಗ ಬೇಗ ಒಡೆಯುವ ಕೋಶಗಳನ್ನೆಲ್ಲ ಕಿಮೋ ಹೊಡೆಯುತ್ತದೆ, ಕೂದಲು ಹೋಗುವುದು, ಬಾಯಿ ಹುಣ್ಣಾಗುವುದು ಅದರಿಂದ. ಟ್ರಾಸ್ಟುಝುಮ್ಯಾಬ್ ಕೂದಲು ಉದುರಿಸುವುದಿಲ್ಲ. ಕಿಮೋ ಮುಗಿದ ಮೇಲೆ ಈ ಸೂಜಿ ನಡೆಯುತ್ತಿರುವಾಗಲೇ ವೈನಿಯವರ ತಲೆಯಲ್ಲಿ ಕೂದಲು ಮತ್ತೆ ಮೂಡುವುದನ್ನು ನೀವೇ ನೋಡುತ್ತೀರಿ.

ಈ ಮದ್ದು ನಮ್ಮ ರಾಜ್ಯದಲ್ಲೇ ತಯಾರಾಗುತ್ತದೆ ಎಂಬುದು ಬೀದರ ಕಡೆ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. 2012ರ ಸುಮಾರಿಗೆ ಇದರ 440 ಮಿಲಿಗ್ರಾಂ ಬಾಟಲಿ ಒಂದಕ್ಕೆ ಲಕ್ಷ ರೂಪಾಯಿ ದಾಟಿತ್ತು. ಮಧ್ಯಮ ವರ್ಗದ ಮನೆಯೂ ಹೊಲ ಮಾರುವ ದರ ಅದು. ಆ ವರ್ಷವೇ ಮದ್ದಿನ ದರ ಇಳಿಸಬೇಕೆಂದು ರೋಗಿಗಳ ಪರವಾದ ಸಂಘಟನೆಗಳು ಚಳವಳಿ ಹೂಡಿದವು. ಪೇಟೆಂಟ್ ಇದ್ದರೂ ಬೇರೆಯವರಿಗೆ ತಯಾರಿಸಲು ಕಡ್ಡಾಯ ಪರವಾನಗಿ ಕೊಡುವ ಮಾತು ಕೇಂದ್ರ ಸರ್ಕಾರದಲ್ಲೂ ನಡೆಯಿತು. ಜೆನೆನ್‌ಟೆಕ್‌ನ ಒಡೆತನ ಹೊಂದಿದ್ದ ಸ್ವಿಟ್ಜರ್‌ಲೆಂಡಿನ ರೋಶ್ ಕಂಪನಿ ಹರ್ಕ್ಲಾನ್ ಎಂಬ ಹೆಸರಲ್ಲಿ ದರ ಇಳಿಸಿ ಸುಮಾರು 75,000ಕ್ಕೆ ಮಾರತೊಡಗಿ, 2013ರ ಆಗಸ್ಟಿನಲ್ಲಿ ಭಾರತದ ಪೇಟೆಂಟನ್ನೇ ಕೈಬಿಟ್ಟಿತು. ಅಷ್ಟರಲ್ಲಿ ಬೆಂಗಳೂರಿನ ಬಯೋಕಾನ್ ಸಿದ್ಧವಾಗಿತ್ತು. ಕಿರಣ್ ಮಜುಂದಾರ್ ಷಾ 1978ರಲ್ಲಿ ಕಟ್ಟಿದ ಕಂಪನಿ. 2014ರ ಆರಂಭದಲ್ಲಿ ಅದು ತನ್ನ ಟ್ರಾಸ್ಟುಝುಮ್ಯಾಬನ್ನು ಕ್ಯಾನ್‌ಮ್ಯಾಬ್ ಹೆಸರಿನಲ್ಲಿ ಬಿಡುಗಡೆ ಮಾಡಿತು. ಆಗ ಹೇಳಿದ ದರ 440 ಮಿಲಿಗ್ರಾಂಗೆ 57,500 ರೂಪಾಯಿ, 150 ಮಿಲಿಗ್ರಾಂನ ಚಿಕ್ಕ ಬಾಟಲಿಗೆ 19,500. ರೋಶ್ ದೆಹಲಿ ಹೈಕೋರ್ಟಿಗೆ ಹೋಯಿತು, ಜಗಳ ವರ್ಷಗಟ್ಟಲೆ ನಡೆಯಿತು. 2017ರ ಡಿಸೆಂಬರಿನಲ್ಲಿ ಅಮೆರಿಕವು ತನ್ನಲ್ಲಿ ಮಾರಲು ಒಪ್ಪಿದ ಮೊದಲ ಪರ್ಯಾಯ ಟ್ರಾಸ್ಟುಝುಮ್ಯಾಬ್, ಬಯೋಕಾನ್ ಮತ್ತು ಮೈಲಾನ್ ಕೂಡಿ ತಂದ ಈ ಮದ್ದೇ. ಝೈಡಸ್, ಡಾ. ರೆಡ್ಡೀಸ್ ಮೊದಲಾದವರದೂ ಈಗ ಪೇಟೆಯಲ್ಲಿವೆ. 2015ರಿಂದ ಇದು ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ, ಅಂದರೆ ಗರಿಷ್ಠ ದರ ಕಟ್ಟುವ ಅಧಿಕಾರ ಸರ್ಕಾರದ್ದು. ಇಂಥ ಮದ್ದನ್ನು ಮಾತ್ರೆಯ ಹಾಗೆ ರಾಸಾಯನಿಕ ಬೆರೆಸಿ ಮಾಡಲಾಗದು, ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಜೀವಕೋಶಗಳನ್ನು ಉಕ್ಕಿನ ತೊಟ್ಟಿಗಳಲ್ಲಿ ಬೆಳೆಸಿ ಅವುಗಳಿಂದ ಪಡೆಯಬೇಕು. ಹಾಗಾಗಿ ಅಗ್ಗವಾಗುತ್ತದೆ ಎಂದರೂ ಒಂದು ಮಟ್ಟದ ಕೆಳಗೆ ಇಳಿಯಲಿಲ್ಲ. 'ಇಂಡಿಯಾದ್ದು ಡೂಪ್ಲಿಕೇಟ್ ಇರ್ತದ' ಎನ್ನುವವರ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ.

ಈಗ ಆ ಅಂಕಿಗೆ ಬರೋಣ. ವೈನಿಯವರ ರಿಪೋರ್ಟನ್ನು ಕೈಯಲ್ಲಿ ಹಿಡಿದು ನೋಡಿ. ಈಆರ್, ಪಿಆರ್ ಎಂಬ ಎರಡು ಸಾಲುಗಳ ಕೆಳಗೆ ಹರ್-2 ಸಾಲು ಇರುತ್ತದೆ. ಅಲ್ಲಿ 0, 1+, 2+ ಅಥವಾ 3+ ಎಂದು ಬರೆದಿರಬೇಕು. ಗಡ್ಡೆಯ ತುಣುಕಿಗೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದ ಲೆಕ್ಕ ಅದು. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕೋಶಗಳ ಸುತ್ತ ಕಂದುಬಣ್ಣ ಗಾಢವಾಗಿ, ಎಲ್ಲೂ ಕಡಿಯದೆ ಉಂಗುರದಂತೆ ಹಿಡಿದಿದ್ದರೆ 3+. ಅದು ಪಾಸಿಟಿವ್, ಸೂಜಿ ಬೇಕು. 0 ಮತ್ತು 1+ ಆದರೆ ಈ ಸೂಜಿಯಿಂದ ಪ್ರಯೋಜನವಿಲ್ಲ. ತೊಡಕಿರುವುದು 2+ರಲ್ಲಿ. ಅದು ಪಾಸಿಟಿವ್ ಅಲ್ಲ, ನೆಗೆಟಿವ್ ಕೂಡ ಅಲ್ಲ. ಅದಕ್ಕೆ ಫಿಶ್ ಎಂಬ ಇನ್ನೊಂದು ಪರೀಕ್ಷೆ ಆಗಲೇಬೇಕು. ಅದರಲ್ಲಿ ಬಣ್ಣ ನೋಡುವುದಿಲ್ಲ, ಜೀನಿನ ಪ್ರತಿಗಳನ್ನೇ ಎಣಿಸುತ್ತಾರೆ. 17ನೇ ಕ್ರೋಮೋಸೋಮಿನ ಸಂಖ್ಯೆಗೆ ಹೋಲಿಸಿದಾಗ ಅನುಪಾತ 2 ಅಥವಾ ಅದಕ್ಕಿಂತ ಹೆಚ್ಚಿದ್ದು, ಒಂದು ಕೋಶಕ್ಕೆ ಸರಾಸರಿ ನಾಲ್ಕಾದರೂ ಪ್ರತಿಗಳಿದ್ದರೆ ಪಾಸಿಟಿವ್. 2+ ರಿಪೋರ್ಟನ್ನು 'ಎರಡು ಪ್ಲಸ್ ಅದ, ಅಂದ್ರ ಪಾಸಿಟಿವ್' ಎಂದು ಮನೆಯಲ್ಲಿ ಓದಿಕೊಂಡು ವರ್ಷದ ಮದ್ದಿಗೆ ಸಾಲ ಮಾಡಲು ಹೊರಡುವುದೂ ಉಂಟು. ಫಿಶ್ ಖರ್ಚು ಉಳಿಸಲೆಂದು ಪರೀಕ್ಷೆ ಬಿಟ್ಟು, ಬೇಕಿದ್ದ ಮದ್ದನ್ನೇ ಬಿಡುವುದೂ ಉಂಟು. ಎರಡನೆಯದು ಹೆಚ್ಚು ಕೆಟ್ಟದ್ದು.

ರಿಪೋರ್ಟು ಎಷ್ಟು ನಂಬಿಕೆಗೆ ಅರ್ಹ ಎನ್ನುವುದು ಗಡ್ಡೆಯ ತುಣುಕು ಮೈಯಿಂದ ಹೊರಬಂದ ಮೊದಲ ಒಂದು ತಾಸಿನಲ್ಲೇ ಬಹುಮಟ್ಟಿಗೆ ತೀರ್ಮಾನವಾಗಿಬಿಡುತ್ತದೆ. ಆ ತಾಸಿನೊಳಗೆ ತುಣುಕು ಫಾರ್ಮಲಿನ್‌ಗೆ ಬೀಳಬೇಕು. ಸಲೈನ್ ನೀರಿನಲ್ಲಿ ಹಾಕಿ ಕೊಟ್ಟರೆ ಕೆಡುತ್ತದೆ. ಫಾರ್ಮಲಿನ್ ಕೂಡ 10 ಪರ್ಸೆಂಟಿನ ನ್ಯೂಟ್ರಲ್ ಬಫರ್ಡ್ ಎನ್ನುವ ಬಗೆಯದೇ ಆಗಬೇಕು, ತುಣುಕಿನ ಗಾತ್ರದ ಹತ್ತು ಪಟ್ಟು ಇರಬೇಕು. ಅದರಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇದ್ದು ಮುಂದಿನ ಹಂತಕ್ಕೆ ಹೋಗಬೇಕು. ನಮ್ಮ ಕಡೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆಪರೇಷನ್ ಆದ ಮೇಲೆ ತುಣುಕಿರುವ ಬಾಟಲಿಯನ್ನು ಮನೆಯವರ ಕೈಗೇ ಕೊಡುತ್ತಾರೆ, ಅವರು ಅದನ್ನು ಚೀಲದಲ್ಲಿಟ್ಟುಕೊಂಡು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಬಸ್ಸು ಹಿಡಿಯುತ್ತಾರೆ. ಶನಿವಾರ ಆಪರೇಷನ್ ಆಗಿ, ರವಿವಾರ ಲ್ಯಾಬು ಮುಚ್ಚಿ, ಸೋಮವಾರ ಹಬ್ಬದ ರಜೆ ಬಂದರೆ 72 ಗಂಟೆ ದಾಟುವುದು ಸಲೀಸು. ಬಾಟಲಿಯ ಮೇಲೆ ತುಣುಕು ತೆಗೆದ ದಿನ ಮತ್ತು ಹೊತ್ತು ಬರೆಸುವುದನ್ನು ಯಾರೂ ಮರೆಯಬಾರದು.

ನಿಮ್ಮ ತುಣುಕು ಆಗಲೇ ಹೋಗಿಯಾಗಿದೆ, ಸರಿ. ನೀವು ಈಗ ಮಾಡಬಹುದಾದ್ದು ಇನ್ನೊಂದಿದೆ. ಪರೀಕ್ಷೆ ಮುಗಿದ ಮೇಲೆ ತುಣುಕನ್ನು ಮೇಣದಲ್ಲಿ ಹುದುಗಿಸಿ ಒಂದು ಚಿಕ್ಕ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ನಂಬರ್ ಹಾಕಿ ಇಟ್ಟಿರುತ್ತಾರೆ. ಲ್ಯಾಬಿನವರು ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಆ ಬ್ಲಾಕನ್ನೂ ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆಯಿರಿ. ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ಅದರಿಂದಲೇ ಮತ್ತೆ ಪರೀಕ್ಷೆ ಮಾಡಬಹುದು, ವೈನಿಯವರ ಮೈಗೆ ಮತ್ತೆ ಸೂಜಿ ಚುಚ್ಚಬೇಕಿಲ್ಲ. ಮೇಣವಾದ್ದರಿಂದ ಬ್ಲಾಕನ್ನು ಮೇ ತಿಂಗಳ ಬಿಸಿಲಿನಲ್ಲಿ ಜೀಪಿನ ಗಾಜಿನ ಕೆಳಗೆ ಇಡಬೇಡಿ.

3+ ಎಂದೇ ಬಂದಿದೆ, ಸೂಜಿ ಬೇಕು ಎಂದಿಟ್ಟುಕೊಳ್ಳೋಣ. ಬೀಗರ ಸೂಜಿಯ ವಿಚಾರ ಈಗ.

ಸಲೈನಿನಲ್ಲಿ ಕೊಡುವ ಮದ್ದನ್ನು ತೂಕ ನೋಡಿ ಕೊಡುತ್ತಾರೆ. ಮೊದಲ ಸಲ ಕಿಲೋಗೆ 8 ಮಿಲಿಗ್ರಾಂ, ಒಂದೂವರೆ ತಾಸಿನಲ್ಲಿ. ನಂತರ ಮೂರು ವಾರಕ್ಕೊಮ್ಮೆ ಕಿಲೋಗೆ 6 ಮಿಲಿಗ್ರಾಂ, ಮೊದಲ ಸಲ ಒಗ್ಗಿದರೆ ಅರ್ಧ ತಾಸಿನಲ್ಲಿ. ವರ್ಷಕ್ಕೆ ಸುಮಾರು 18 ಸಲ. ತೊಡೆಗೆ ಹಾಕುವುದು 600 ಮಿಲಿಗ್ರಾಂ, 5 ಮಿಲಿಲೀಟರಿನಲ್ಲಿ, 2ರಿಂದ 5 ನಿಮಿಷ. ಅಷ್ಟು ನೀರನ್ನು ಚರ್ಮದ ಕೆಳಗೆ ನುಗ್ಗಿಸಿದರೆ ಊದಿಕೊಂಡು ನೋವಾಗಬೇಕಲ್ಲ? ಅದಕ್ಕಾಗಿ ಹಯಲುರೊನಿಡೇಸ್ ಎಂಬ ಕಿಣ್ವ ಬೆರೆಸಿರುತ್ತಾರೆ. ಚರ್ಮದ ಕೆಳಗಿನ ಅಂಟನ್ನು ಅದು ಸ್ವಲ್ಪ ಹೊತ್ತು ಸಡಿಲಿಸಿ ಮದ್ದಿಗೆ ದಾರಿ ಮಾಡುತ್ತದೆ. ಒಂದು ಸಲ ಎಡತೊಡೆ, ಇನ್ನೊಂದು ಸಲ ಬಲತೊಡೆ, ಹಳೆಯ ಜಾಗದಿಂದ ಒಂದಿಂಚು ದೂರ. ಯುರೋಪಿನಲ್ಲಿ ಇದು 2013ರಿಂದ ಇದೆ. ಎರಡೂ ಬಗೆಯ ರುಚಿ ನೋಡಿದ ಹೆಂಗಸರನ್ನು ಕೇಳಿದ ಅಧ್ಯಯನವೊಂದರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ತೊಡೆಯ ಸೂಜಿಯೇ ಬೇಕು ಎಂದರು. ಕಿಮೋದಿಂದ ನರ ಸಿಗದೆ ಕೈತುಂಬ ಚುಚ್ಚಿಸಿಕೊಂಡವರಿಗೆ ಅದು ದೊಡ್ಡ ಸಮಾಧಾನ, ಒಪ್ಪುವ ಮಾತೇ.

'ಸಲೈನಿನ ಅಳತೆಗಿಂತ 600 ಹೆಚ್ಚಲ್ಲ, ಆಗ ಶಕ್ತಿಯೂ ಹೆಚ್ಚು' ಎಂಬ ಲೆಕ್ಕ ಮಾತ್ರ ತಪ್ಪು. ಚರ್ಮದ ಕೆಳಗೆ ಹಾಕಿದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ, ಸುಮಾರು ಕಾಲುಭಾಗ ದಾರಿಯಲ್ಲೇ ಕಳೆಯುತ್ತದೆ. 45 ಕಿಲೋದವರಿಗೂ 90 ಕಿಲೋದವರಿಗೂ ಸಾಕಾಗುವಂತೆ ಒಂದೇ ಅಳತೆ ಇಟ್ಟಿದ್ದಾರೆ, ಅಷ್ಟೇ. ತೂಕ ಕಡಿಮೆ ಇದ್ದರೂ ಇಳಿಯದ ಈ ಒಂದೇ ಅಳತೆ ನಮ್ಮ ಕಡೆಯ ಹೆಂಗಸರ ಜೇಬಿಗೆ ಕತ್ತರಿ ಹಾಕಬಹುದು. ನಿಮ್ಮ ವೈನಿ 45 ಕಿಲೋ ಇದ್ದಾರೆ ಎನ್ನೋಣ. ಸಲೈನಿನಲ್ಲಾದರೆ ಮೊದಲ ಸಲ 360 ಮಿಲಿಗ್ರಾಂ, ಆಮೇಲೆ ಪ್ರತಿ ಸಲ 270. ಪ್ರತಿ ಸಲವೂ 440ರ ಬಾಟಲಿ ಒಡೆದು ಮಿಕ್ಕಿದ್ದನ್ನು ಚೆಲ್ಲಿದರೆ ವರ್ಷಕ್ಕೆ 18 ಬಾಟಲಿ. 2014ರ ದರದಲ್ಲೇ ಹಿಡಿದರೆ ಹತ್ತು ಲಕ್ಷದ ಮೇಲೆ 35 ಸಾವಿರ. ಅದರ ಬದಲು ಎರಡನೆಯ ಸಲದಿಂದ 150ರ ಚಿಕ್ಕ ಬಾಟಲಿ ಎರಡು ಬಳಸಿದರೆ ಪ್ರತಿ ಸಲ 39,000, ವರ್ಷಕ್ಕೆ ಏಳು ಲಕ್ಷದ ಮೇಲೆ ಚಿಲ್ಲರೆ. ಚಿಕ್ಕ ಬಾಟಲಿ ಕೇಳಿದ್ದಕ್ಕೆ ಮೂರು ಲಕ್ಷ ಉಳಿಯಿತು! ಇವತ್ತಿನ ದರ ಬೇರೆ, ಕಂಪನಿಗೊಂದು ಆಸ್ಪತ್ರೆಗೊಂದು ಇದೆ, ಚೌಕಾಸಿಗೂ ಜಾಗವಿದೆ. ಆದರೆ ಲೆಕ್ಕದ ದಾರಿ ಇದೇ. ಇನ್ನೊಂದು ಉಪಾಯವೂ ಇದೆ. 440ರ ಬಾಟಲಿಯ ಜೊತೆ ಕೊಡುವ ಔಷಧಿನೀರಿನಲ್ಲೇ ಕರಗಿಸಿದರೆ ಮಿಕ್ಕಿದ್ದನ್ನು ಆಸ್ಪತ್ರೆಯ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ 28 ದಿನ ಇಡಬಹುದು. ಕೆಲವು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇದೇ ಮದ್ದಿನ ಮೂರ್ನಾಲ್ಕು ರೋಗಿಗಳನ್ನು ಒಂದೇ ದಿನ ಕರೆದು ಬಾಟಲಿ ಹಂಚಿ ಬಳಸುತ್ತಾರೆ. 'ಹಂಚಿಕೊಳ್ಳಲು ಯಾರಾದರೂ ಇದ್ದಾರಾ ಸಿಸ್ಟರ್?' ಎಂದು ಕೇಳಲು ನಾಚಿಕೆ ಬೇಡ.

ಬೀಗರು ಯಾವ ಸೂಜಿಯ ಮಾತಾಡುತ್ತಿದ್ದಾರೆ ಎನ್ನುವುದನ್ನೂ ನೋಡಬೇಕು. 2022ರಲ್ಲಿ ಭಾರತಕ್ಕೆ ಬಂದ ಫೆಸ್ಗೋ ಎಂಬ ಸೂಜಿಯೂ ತೊಡೆಗೇ, ಅದೂ ಮೊದಲ ಸಲ 8 ನಿಮಿಷ, ಆಮೇಲೆ 5 ನಿಮಿಷ. ಆದರೆ ಅದರಲ್ಲಿ ಎರಡು ಮದ್ದುಗಳಿವೆ, ಟ್ರಾಸ್ಟುಝುಮ್ಯಾಬ್ ಜೊತೆ ಪರ್ಟುಝುಮ್ಯಾಬ್. ಗಡ್ಡೆ ದೊಡ್ಡದಿದ್ದರೆ, ಕಂಕುಳಿನ ಗ್ರಂಥಿಗೆ ಹರಡಿದ್ದರೆ ಅಥವಾ ಬೇರೆ ಅಂಗಕ್ಕೆ ಹೋಗಿದ್ದರೆ ಎರಡೂ ಬೇಕಾಗಬಹುದು. ಚಿಕ್ಕ ಗಡ್ಡೆಯಾಗಿ ಗ್ರಂಥಿ ಸ್ವಚ್ಛವಿದ್ದರೆ ಸಾಮಾನ್ಯವಾಗಿ ಒಂದೇ ಸಾಕು. ಅಂದರೆ ಬೀಗರು ಹೇಳುವ ಸೂಜಿ ನಿಮ್ಮ ವೈನಿಗೆ ಬರೆದ ಮದ್ದೇ ಅಲ್ಲದಿರಬಹುದು.

ಹೆಸರಿನ ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ಟ್ರಾಸ್ಟುಝುಮ್ಯಾಬ್ ಎಮ್ಟಾನ್ಸಿನ್, ಟ್ರಾಸ್ಟುಝುಮ್ಯಾಬ್ ಡೆರಕ್ಸ್‌ಟಿಕ್ಯಾನ್ ಎಂದು ಇನ್ನೆರಡಿವೆ. ಅವು ಇದೇ ಪ್ರತಿಕಾಯದ ಬೆನ್ನಿಗೆ ಕಿಮೋ ವಿಷ ಕಟ್ಟಿ ಕಳಿಸುವ ಮದ್ದುಗಳು. ಕೊಡುವ ಅಳತೆ ಬೇರೆ, ಅಡ್ಡಪರಿಣಾಮ ಬೇರೆ, ದರವೂ ಬೇರೆ. ಕೊನೆಯದಕ್ಕೆ ಕೇಂದ್ರ ಸರ್ಕಾರ 2024ರ ಬಜೆಟ್ಟಿನಲ್ಲಿ ಕಸ್ಟಮ್ಸ್ ಸುಂಕ ಮನ್ನಾ ಮಾಡಿದ್ದು ಪೇಪರಿನಲ್ಲಿ ಬಂದಾಗ 'ನಮ್ಮ ಸೂಜಿ ಅಗ್ಗ ಆಯ್ತು' ಎಂದು ಬಹಳ ಜನ ತಿಳಿದಿರಬಹುದು. ಒಂದರ ಬದಲು ಇನ್ನೊಂದು ಕೊಟ್ಟರೆ ಜೀವಕ್ಕೆ ಅಪಾಯ. ಹೊರಗಿನ ಮೆಡಿಕಲ್ ಅಂಗಡಿಯಿಂದ ತರುವಾಗ ಚೀಟಿಯ ಮೇಲಿನ ಪೂರ್ತಿ ಹೆಸರನ್ನು ಡಬ್ಬಿಯ ಮೇಲಿನ ಪೂರ್ತಿ ಹೆಸರಿಗೆ ತಾಳೆ ನೋಡಿ. ತರುವುದೂ ತಣ್ಣಗಿನ ಡಬ್ಬದಲ್ಲೇ, ಆದರೆ ಐಸಿಗೆ ಬಾಟಲಿ ತಾಗಬಾರದು. ಹೆಪ್ಪುಗಟ್ಟಿದರೆ ಮದ್ದು ಹೋಯಿತು.

ಅಡ್ಡಪರಿಣಾಮಗಳಲ್ಲಿ ಮೊದಲ ದಿನದ ಚಳಿಜ್ವರಕ್ಕೆ ಜನ ಹೆದರುತ್ತಾರೆ. ಅದು ಬಂದು ಹೋಗುತ್ತದೆ. ಲಕ್ಷ್ಯವಿಡಬೇಕಾದ್ದು ಹೃದಯದ ಮೇಲೆ. ಹೃದಯದ ಸ್ನಾಯುವಿಗೂ ಹರ್-2 ಸಂದೇಶ ಬೇಕು, ಅದನ್ನು ಕಟ್ಟಿಹಾಕಿದಾಗ ಕೆಲವರಲ್ಲಿ ರಕ್ತ ದೂಡುವ ಬಲ ಇಳಿಯುತ್ತದೆ. ಹಾಗಾಗಿ ಸೂಜಿ ಶುರುವಾಗುವ ಮೊದಲು ಒಂದು ಎಕೊ, ಆಮೇಲೆ ಮೂರು ತಿಂಗಳಿಗೊಮ್ಮೆ. ಅದರಲ್ಲಿ ಆ ಬಲವನ್ನು ಹೇಳುವ ಈಎಫ್ ಎಂಬ ಅಂಕಿ ಇರುತ್ತದೆ. ಮೊದಲಿಗಿಂತ 16 ಅಂಶ ಇಳಿದರೆ, ಇಲ್ಲವೆ ಸಾಮಾನ್ಯ ಮಟ್ಟದ ಕೆಳಗೆ ಬಂದು 10 ಅಂಶ ಇಳಿದರೆ ಸೂಜಿಯನ್ನು ಕನಿಷ್ಠ ನಾಲ್ಕು ವಾರ ನಿಲ್ಲಿಸಿ ಮತ್ತೆ ನೋಡುತ್ತಾರೆ. ಬಹಳ ಮಂದಿಯಲ್ಲಿ ನಿಲ್ಲಿಸಿದ ಮೇಲೆ ಬಲ ಮರಳುತ್ತದೆ. ಎಕೊಗೆ ಹೈದರಾಬಾದಿಗೇ ಹೋಗಬೇಕಿಲ್ಲ, ಬೀದರ ನಗರದಲ್ಲೇ ಮಾಡಿಸಿ ರಿಪೋರ್ಟು ಒಯ್ದರೆ ನಡೆಯುತ್ತದೆಯೇ ಎಂದು ಕೇಳಿ. ಮೆಟ್ಟಿಲು ಹತ್ತುವಾಗ ಏದುಸಿರು, ಕಾಲಿಗೆ ಬಾವು, ಮಲಗಿದರೆ ಉಸಿರು ಕಟ್ಟುವುದು ಇವನ್ನು 'ಕಿಮೋ ನಿಶ್ಶಕ್ತಿ' ಎಂದು ಸುಮ್ಮನಾಗಬೇಡಿ. ವೈನಿಯವರಿಗೆ ಮಗು ಆಗುವ ವಯಸ್ಸಿದ್ದರೆ ಚಿಕಿತ್ಸೆ ನಡೆಯುವಾಗಲೂ ಮುಗಿದ ಮೇಲೆ ಏಳು ತಿಂಗಳೂ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು, ಹೊಟ್ಟೆಯ ಕೂಸಿಗೆ ಈ ಮದ್ದು ಆಗದು.

ತಾರೀಖು ತಪ್ಪಿದರೆ? ಬಿತ್ತನೆ, ಮದುವೆ, ಜಾತ್ರೆ, ಮಳೆಗೆ ಹಳ್ಳ ತುಂಬುವುದು, ಕಾರಣಗಳಿಗೆ ಬರವಿಲ್ಲ. ಸಲೈನಿನ ಮದ್ದು ಒಂದು ವಾರದೊಳಗೆ ತಡವಾದರೆ ಎಂದಿನ ಅಳತೆಯನ್ನೇ ಆದಷ್ಟು ಬೇಗ ಕೊಡುತ್ತಾರೆ. ಒಂದು ವಾರ ಮೀರಿದರೆ ಮತ್ತೆ ಮೊದಲ ಸಲದ ದೊಡ್ಡ ಅಳತೆ, ಮತ್ತೆ ಒಂದೂವರೆ ತಾಸು. ನಮ್ಮ 45 ಕಿಲೋದ ಲೆಕ್ಕದಲ್ಲಿ 90 ಮಿಲಿಗ್ರಾಂ ಹೆಚ್ಚು ಖರ್ಚು. ವರ್ಷ ಪೂರ್ತಿ ಯಾಕೆ ಎಂದು ಕೇಳುವವರಿದ್ದಾರೆ. ಎರಡು ವರ್ಷ ಕೊಟ್ಟು ನೋಡಿದರು, ಒಂದಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಬ್ರಿಟನ್ನಿನಲ್ಲಿ ಆರು ತಿಂಗಳು ಕೊಟ್ಟು ನೋಡಿದ ದೊಡ್ಡ ಅಧ್ಯಯನ 2019ರಲ್ಲಿ ಅದೂ ಹೆಚ್ಚುಕಡಿಮೆ ಸಮ ಎಂದಿತು, ಫ್ರಾನ್ಸಿನದು ಹಾಗೆ ಹೇಳಲಿಲ್ಲ. ಹಾಗಾಗಿ ಒಂದು ವರ್ಷವೇ ರೂಢಿ. ದುಡ್ಡು ಸಾಲದಿದ್ದರೆ ಅದನ್ನು ಡಾಕ್ಟರಿಗೆ ಮೊದಲ ದಿನವೇ ಹೇಳಿ, ಚಿಕ್ಕ ಅವಧಿಯ ಕ್ರಮವನ್ನು ಅವರು ಯೋಚಿಸಬಹುದು. ಹೇಳದೆ ನಡುವೆ ಬಿಟ್ಟುಬಿಡುವುದು ಎಲ್ಲಕ್ಕಿಂತ ದುಬಾರಿ.

ಇನ್ನು ದಾರಿ. ನನ್ನ ದೃಷ್ಟಿಯಲ್ಲಿ ನಿಮ್ಮ ಮನೆಯವರು ಸೂಜಿಗಿಂತ ಹೆಚ್ಚು ಯೋಚಿಸಬೇಕಾದ್ದು ಇದನ್ನೇ. ತೊಡೆಯ ಸೂಜಿ ಆಸ್ಪತ್ರೆಯಲ್ಲಿ ಒಂದು ತಾಸು ಉಳಿಸುತ್ತದೆ, ಔರಾದಿನಿಂದ ಹೋಗಿಬರುವ ಒಂದು ದಿನವನ್ನು ಉಳಿಸುವುದಿಲ್ಲ. 18 ಸಲ ಹೋಗಬೇಕು, ಜೊತೆಗೊಬ್ಬರು ಬೇಕು, ಅವರ ಕೂಲಿಯೂ ಹೋಗುತ್ತದೆ. ಬೀದರಿನವರಿಗೆ ಹೈದರಾಬಾದೇ ರೂಢಿ, ಎಂಎನ್‌ಜೆ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಮತ್ತು ಬಸವತಾರಕಂ ಆಸ್ಪತ್ರೆಗಳ ಹೆಸರು ನಮ್ಮ ಹಳ್ಳಿಗಳಿಗೂ ಗೊತ್ತು. ಭಾಲ್ಕಿಯವರಿಗೆ ರೈಲು ಉದಗೀರ, ಲಾತೂರಿನ ಕಡೆಗೂ ಇದೆ, ಬಾರ್ಶಿಯ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿಬಂದವರು ಅಲ್ಲಿ ಸಿಗುತ್ತಾರೆ. ಔರಾದಿಗೆ ರೈಲೇ ಇಲ್ಲ, ಬೀದರಿಗೆ ಬಂದೇ ಮುಂದೆ. ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ ಎಂಬುದು ಯಾಕೋ ನಮ್ಮವರಿಗೆ ಕೊನೆಗೆ ನೆನಪಾಗುತ್ತದೆ. 2017ರ ಅಕ್ಟೋಬರಿನಿಂದ ಬೀದರ-ಕಲಬುರಗಿ ರೈಲು ಓಡುತ್ತಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ವೈನಿಯವರಿಗೂ ಜೊತೆಗೆ ಹೋಗುವ ಹೆಂಗಸಿಗೂ ಕಲಬುರಗಿಯವರೆಗೆ ಟಿಕೆಟ್ ದುಡ್ಡಿಲ್ಲ, ಹೈದರಾಬಾದಿಗೆ ಅದು ನಡೆಯುವುದಿಲ್ಲ. ರೈಲಿನಲ್ಲಿ ಹೋಗುವುದಾದರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ, ಜೊತೆಗಾರರಿಗೆ ಮುಕ್ಕಾಲು ರಿಯಾಯಿತಿ ಇದೆ. ಆಸ್ಪತ್ರೆಯಲ್ಲಿ ಅದರ ಫಾರಂ ತುಂಬಿಸಿ ಸಹಿ ಹಾಕಿಸಬೇಕು. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ದುಡ್ಡಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಖರ್ಚಿನ 30 ಪರ್ಸೆಂಟ್, ಮಿತಿ ಒಂದೂವರೆ ಲಕ್ಷ. ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ 'ಕ್ಯಾನ್ಸರ್ ಬರುತ್ತದಾ' ಎಂದು ಕೇಳಿದರೆ 'ಬರುತ್ತದೆ' ಎನ್ನುತ್ತಾರೆ, ಅಷ್ಟಕ್ಕೆ ತೃಪ್ತರಾಗಬೇಡಿ. ಟ್ರಾಸ್ಟುಝುಮ್ಯಾಬ್ ಬರುತ್ತದಾ, ಎಷ್ಟು ಸಲಕ್ಕೆ, ತೊಡೆಗೆ ಹಾಕುವುದಕ್ಕೂ ಬರುತ್ತದಾ ಅಥವಾ ಸಲೈನಿಗೆ ಮಾತ್ರವಾ ಎಂದು ಕೇಳಿ. ಕಾರ್ಡು ಹೈದರಾಬಾದಿನ ಆ ಆಸ್ಪತ್ರೆಯಲ್ಲಿ ನಡೆಯುತ್ತದೋ ಇಲ್ಲವೋ ಎಂದು ಬೀದರಿನ ಬ್ರಿಮ್ಸ್ ಆಸ್ಪತ್ರೆಯಲ್ಲೇ ವಿಚಾರಿಸಿ, ರೆಫರಲ್ ಚೀಟಿ ಹಿಡಿದು ಹೊರಡಿ. ಸೂಜಿ ಶುರುವಾದ ಮೇಲೆ ಆಸ್ಪತ್ರೆ ಬದಲಿಸುವುದು ದೊಡ್ಡ ಓಡಾಟ.

ಕೊನೆಗೆ ನಿಮ್ಮ ಮೂರನೆಯ ಪ್ರಶ್ನೆ. ಇಂಗ್ಲೆಂಡಿನಲ್ಲಿ ನರ್ಸುಗಳು ಮನೆಗೇ ಬಂದು ಈ ಸೂಜಿ ಹಾಕಿ ಹೋಗಿದ್ದಿದೆ, ಹಾಗಾಗಿ ಔರಾದಿನಲ್ಲಿ ಎಂದೂ ಆಗದ ಮಾತು ಇದು ಎನ್ನಲಾರೆ. ಆದರೆ ಅಲ್ಲಿ ಮನೆಗೆ ಬರುವ ನರ್ಸಿನ ಹಿಂದೆ ಮದ್ದನ್ನು ತಣ್ಣಗಿಟ್ಟು ತಲುಪಿಸುವ ವ್ಯವಸ್ಥೆ, ಅಲರ್ಜಿಯಾದರೆ ಕೂಡಲೇ ಕೊಡುವ ಮದ್ದು, ಕೊನೆಯ ಎಕೊದ ಅಂಕಿ ಬರೆದ ಕಡತ, ಫೋನಿಗೆ ಸಿಗುವ ಕ್ಯಾನ್ಸರ್ ತಜ್ಞರು ಎಲ್ಲ ಇದ್ದಾರೆ. ಸೂಜಿ ಹಾಕಿದ ಮೇಲೂ ಸ್ವಲ್ಪ ಹೊತ್ತು ಕೂರಿಸಿ ನೋಡಬೇಕು. ಫೆಸ್ಗೋ ಆದರೆ ಮೊದಲ ಸಲ ಅರ್ಧ ತಾಸು, ಆಮೇಲೆ ಕಾಲು ತಾಸು. ತಾಲ್ಲೂಕು ದವಾಖಾನೆಯಲ್ಲಿ ಕರೆಂಟು ಹೋದಾಗ ಫ್ರಿಜ್ಜು ಎಷ್ಟು ಹೊತ್ತು ತಣ್ಣಗಿರುತ್ತದೆ ಎಂಬಲ್ಲಿಂದಲೇ ನಮ್ಮ ತೊಂದರೆ ಶುರುವಾಗುತ್ತದೆ. ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಮೂರು ವರ್ಷದಲ್ಲಿ ಕ್ಯಾನ್ಸರ್ ಡೇ-ಕೇರ್ ಕೇಂದ್ರ ತೆರೆಯುವುದಾಗಿ ಕೇಂದ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ಹೇಳಿದೆ. ಅದು ಕೈಗೂಡಿದರೆ ವೈನಿಯಂಥವರ ದಾರಿ ಬೀದರಿಗೇ ಮುಗಿಯುತ್ತದೆ, ಆಗ ಸೂಜಿ ತೊಡೆಗೋ ಕೈಗೋ ಎಂಬುದಕ್ಕೂ ಬೇರೆ ತೂಕ ಬರುತ್ತದೆ.

ಸದ್ಯಕ್ಕೆ ಮೊದಲ ಕೆಲವು ಡೋಸುಗಳನ್ನು ಹೈದರಾಬಾದಿನಲ್ಲೋ ಕಲಬುರಗಿಯಲ್ಲೋ ತೆಗೆದುಕೊಳ್ಳಲಿ. ಕಿಮೋ ಮುಗಿದು ಬರೀ ಈ ಸೂಜಿ ಉಳಿದಾಗ, ಮುಂದಿನವನ್ನು ಬೀದರ ನಗರದಲ್ಲಿ ಹಾಕಿಸಬಹುದೇ ಎಂದು ಅಲ್ಲಿಯ ತಜ್ಞರನ್ನೇ ಕೇಳಿ. ಹೌದೆಂದರೆ ಬಾಯಿಮಾತಿಗೆ ಬಿಡಬೇಡಿ, ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ: ಮದ್ದಿನ ಪೂರ್ತಿ ಹೆಸರು, ವೈನಿಯವರ ತೂಕ ಮತ್ತು ಡೋಸು, ಕೊನೆಯ ಸೂಜಿಯ ತಾರೀಖು, ಕೊನೆಯ ಈಎಫ್ ಎಷ್ಟು, ಮುಂದಿನ ಎಕೊ ಯಾವಾಗ, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು. ಆ ಹಾಳೆಯ ಎರಡು ಝೆರಾಕ್ಸ್ ತೆಗೆಸಿ, ಒಂದನ್ನು ಭಾಲ್ಕಿಯ ಬೀಗರ ಮನೆಯಲ್ಲಿಡಿ.